ಕರೆಂಟಿನಿಂದ ಕ್ಯಾನ್ಸರ್ ಗಡ್ಡೆ ಸಾಯಿಸುವುದು: ಯಾರಿಗೆ ಯಾವುದು ಸರಿ?

ಸ್ಕ್ಯಾನ್ ರಿಪೋರ್ಟ್ ಕೈಗೆ ಬಂದ ದಿನದಿಂದ ಮನೆಯಲ್ಲಿ ಎಲ್ಲರೂ ಡಾಕ್ಟರಾಗುತ್ತಾರೆ. ದೊಡ್ಡಪ್ಪ ‘ಆಪರೇಷನ್ ಮಾಡಿಸಿ ಮುಗಿಸಿ’ ಅನ್ನುತ್ತಾರೆ. ಅಮೆರಿಕದಲ್ಲಿರುವ ಅಳಿಯ ಫೋನ್ ಮಾಡಿ, ‘ನ್ಯಾನೋನೈಫ್ ಅಂತ ಬಂದಿದೆ, ಕೊಯ್ಯೋದೂ ಇಲ್ಲ, ಸುಡೋದೂ ಇಲ್ಲ, ಬರೀ ಕರೆಂಟು’ ಅನ್ನುತ್ತಾನೆ. ಇನ್ಯಾರೋ ವಾಟ್ಸಾಪಿನಲ್ಲಿ, ಮಲಗಿದರೆ ಸಾಕು ಕ್ಯಾನ್ಸರ್ ಕರಗಿಸುವ ಚಾಪೆಯ ಜಾಹೀರಾತು ಕಳಿಸಿರುತ್ತಾರೆ. ಅಳಿಯ ಹೇಳಿದ್ದು ನಿಜವಾದ ಚಿಕಿತ್ಸೆ, ಚಾಪೆ ಮೋಸ. ಆದರೆ ಎರಡರಲ್ಲೂ ‘ಎಲೆಕ್ಟ್ರಿಕ್’ ಎಂಬ ಪದ ಇರುವುದರಿಂದ ಗೊಂದಲ ಆಗುವುದು ಸಹಜ.

ಈ ಬಗ್ಗೆ ಕೇಳುವವರೆಲ್ಲರ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಇದರಲ್ಲಿ ಬೆಸ್ಟ್ ಯಾವುದು?’ ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಅದಲ್ಲ. ಗಡ್ಡೆ ಎಲ್ಲಿ ಕೂತಿದೆ, ಅದರ ಅಕ್ಕಪಕ್ಕ ಯಾರಿದ್ದಾರೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ತೀರ್ಮಾನ ಆದ ಹಾಗೆಯೇ.

ಕರೆಂಟು ಅಲ್ಲಿ ಮಾಡುವುದೇನು

ಪ್ರತಿ ಜೀವಕೋಶಕ್ಕೂ ಒಂದು ತೆಳು ಪೊರೆ ಇರುತ್ತದೆ. ದಪ್ಪ ಸುಮಾರು 5 ನ್ಯಾನೋಮೀಟರ್. ಈ ಪೊರೆಯ ಒಳಬದಿಗೂ ಹೊರಬದಿಗೂ ನಡುವೆ 1 ವೋಲ್ಟ್ ಆಸುಪಾಸು ವ್ಯತ್ಯಾಸ ಬಂದರೆ ಅದರಲ್ಲಿ ಸಣ್ಣ ಸಣ್ಣ ತೂತು ಬೀಳುತ್ತವೆ. ಬರೀ 1 ವೋಲ್ಟಾ ಅನಿಸಬಹುದು. ಅಷ್ಟು ತೆಳುವಾದ ಗೋಡೆಗೆ 1 ವೋಲ್ಟ್ ಅಂದರೆ ಸೆಂಟಿಮೀಟರಿಗೆ 20 ಲಕ್ಷ ವೋಲ್ಟ್ ಲೆಕ್ಕ! ಪೊರೆ ಜರಡಿಯಾಗದೆ ಇನ್ನೇನಾಗುತ್ತದೆ?

ಹೊಡೆತ ಹದವಾಗಿದ್ದರೆ ತೂತು ಸ್ವಲ್ಪ ಹೊತ್ತಿನಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ಹೊರಗಿನ ಔಷಧವನ್ನು ಕೋಶದೊಳಗೆ ನುಗ್ಗಿಸಬಹುದು. 1982ರಲ್ಲಿ ಜರ್ಮನಿಯ ಎಬರ್ಹಾರ್ಡ್ ನ್ಯೂಮನ್ ಮತ್ತು ಜೊತೆಗಾರರು ಹೀಗೇ ಇಲಿಯ ಕೋಶಗಳೊಳಗೆ ಹೊಸ ಜೀನ್ ಕಳಿಸಿ ತೋರಿಸಿದ್ದರು. ಹೊಡೆತ ಜೋರಾಗಿದ್ದರೆ ಅಥವಾ ಪದೇ ಪದೇ ಬಿದ್ದರೆ ಕೋಶ ಸುಧಾರಿಸಿಕೊಳ್ಳುವುದಿಲ್ಲ, ಸಾಯುತ್ತದೆ. ಮೊದಲನೆಯದರ ಮೇಲೆ ನಿಂತಿರುವುದು ಎಲೆಕ್ಟ್ರೋಕೀಮೋಥೆರಪಿ. ಎರಡನೆಯದು ಇರ್‌ರಿವರ್ಸಿಬಲ್ ಎಲೆಕ್ಟ್ರೋಪೊರೇಷನ್. ಡಾಕ್ಟರುಗಳು ಅದನ್ನು ಐಆರ್‌ಇ ಅನ್ನುತ್ತಾರೆ. ನ್ಯಾನೋನೈಫ್ ಎಂಬುದು ಆ ಕೆಲಸ ಮಾಡುವ ಒಂದು ಯಂತ್ರದ ಹೆಸರು. ಹೆಸರಲ್ಲಿ ಚಾಕು ಇದೆಯೇ ಹೊರತು ಯಂತ್ರದಲ್ಲಿ ಇಲ್ಲ.

ಕರೆಂಟನ್ನು ಒಂದೇ ಸಮನೆ ಹರಿಸಿದರೆ ಮಾಂಸ ಬೇಯುತ್ತದೆ. ಅದಕ್ಕೇ ಬಿಡಿ ಬಿಡಿ ಹೊಡೆತ. ಐಆರ್‌ಇಯಲ್ಲಿ ಒಂದೊಂದು ಹೊಡೆತದ ಉದ್ದ 70ರಿಂದ 90 ಮೈಕ್ರೋಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೋಸೆಕೆಂಡ್). ಒಂದು ಜೋಡಿ ಸೂಜಿಯ ನಡುವೆ ಇಂಥ 90 ಹೊಡೆತ ಕೊಟ್ಟರೂ ಕರೆಂಟು ಹರಿದ ಒಟ್ಟು ಸಮಯ ಒಂದು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಹಾಗಂತ ಬಿಸಿ ಆಗುವುದೇ ಇಲ್ಲ ಅಂತಲ್ಲ. ಸೂಜಿಯ ಪಕ್ಕದಲ್ಲೇ ಸ್ವಲ್ಪ ಆಗುತ್ತದೆ.

ಇನ್ನೊಂದು ತಪ್ಪು ತಿಳುವಳಿಕೆ ತುಂಬಾ ಜನರಿಗಿದೆ. ಈ ಹೊಡೆತ ಕ್ಯಾನ್ಸರ್ ಕೋಶವನ್ನು ಮಾತ್ರ ಹುಡುಕಿ ಕೊಲ್ಲುತ್ತದೆ ಅಂತ. ಇಲ್ಲ. ಸೂಜಿಗಳ ನಡುವೆ ಸಿಕ್ಕಿದ ಒಳ್ಳೆಯ ಕೋಶವೂ ಸಾಯುತ್ತದೆ. ಉಳಿಯುವುದು ಕೋಶಗಳ ಸುತ್ತಲಿನ ಕೊಲಾಜನ್ ನಾರಿನ ಚೌಕಟ್ಟು. ಗೋಡೆ ಬಿದ್ದರೂ ಕಂಬ ತೊಲೆ ನಿಂತಿರುವ ಮನೆಯ ಹಾಗೆ. ರಕ್ತನಾಳ, ಪಿತ್ತನಾಳಗಳ ಆಕಾರ ಹಾಗೇ ಉಳಿದು, ನಂತರ ಒಳಪದರ ಮತ್ತೆ ಬೆಳೆಯಲು ಅವಕಾಶ ಸಿಗುತ್ತದೆ. ಈ ಚಿಕಿತ್ಸೆಯ ನಿಜವಾದ ಬೆಲೆ ಇರುವುದು ಇಲ್ಲೇ.

ಯಾವುದರ ಮೇಲೆ ಅಳೆಯಬೇಕು

ಮೊದಲನೆಯದು ಜಾಗ, ಆಗಲೇ ಹೇಳಿದೆ. ಎರಡನೆಯದು ಗಾತ್ರ ಮತ್ತು ಸಂಖ್ಯೆ. 2 ಸೆಂಟಿಮೀಟರಿನ ಒಂದು ಗಡ್ಡೆಗೂ 6 ಸೆಂಟಿಮೀಟರಿನ ನಾಲ್ಕಕ್ಕೂ ಒಂದೇ ಮಾತು ಹೇಳಲಾಗುವುದಿಲ್ಲ. ಮೂರನೆಯದು ರೋಗಿಯ ಹೃದಯ ಮತ್ತು ಪೂರ್ತಿ ಅರಿವಳಿಕೆ ತಡೆದುಕೊಳ್ಳುವ ಶಕ್ತಿ. ಬೇರೆ ಚಿಕಿತ್ಸೆಗಳಲ್ಲಿ ಇದು ಒಂದು ಷರತ್ತು ಅಷ್ಟೇ. ಕರೆಂಟಿನ ವಿಷಯದಲ್ಲಿ ಇಲ್ಲೇ ಬಾಗಿಲು ಮುಚ್ಚಿಬಿಡಬಹುದು. ನಾಲ್ಕನೆಯದು ಉದ್ದೇಶ: ಗುಣ ಮಾಡುವುದಕ್ಕಾ, ಇಲ್ಲಾ ನೋವು, ರಕ್ತಸ್ರಾವ ಕಡಿಮೆ ಮಾಡಿ ದಿನ ಸುಗಮ ಮಾಡುವುದಕ್ಕಾ? ಇದನ್ನು ಮನೆಯವರು ಕೇಳುವುದೇ ಇಲ್ಲ, ಡಾಕ್ಟರೂ ಬಾಯಿ ಬಿಟ್ಟು ಹೇಳುವುದಿಲ್ಲ. ಆಮೇಲೆ ಸಾಕ್ಷ್ಯ ಎಷ್ಟಿದೆ, ಖರ್ಚು ಎಷ್ಟು, ಎಷ್ಟು ದೂರ ಹೋಗಬೇಕು ಅನ್ನುವುದೆಲ್ಲ ಬರುತ್ತದೆ.

ಸುಡುವುದು, ಹೆಪ್ಪುಗಟ್ಟಿಸುವುದು

ಕರೆಂಟಿನ ಹೊಡೆತಕ್ಕೆ ಹೋಗುವ ಮೊದಲು ಅದರ ಹಳೆಯ ಸೋದರರನ್ನು ನೋಡಬೇಕು. ಎಷ್ಟೋ ಜನರಿಗೆ ಅವೇ ಸಾಕಾಗುತ್ತವೆ. ರೇಡಿಯೋ ಫ್ರೀಕ್ವೆನ್ಸಿ ಅಬ್ಲೇಷನ್, ಅಂದರೆ ಆರ್‌ಎಫ್‌ಎಯಲ್ಲಿ ಸೂಜಿಯ ತುದಿಯ ಸುತ್ತ ಗಡ್ಡೆಯನ್ನು 60 ಡಿಗ್ರಿಗಿಂತ ಜಾಸ್ತಿ ಕಾಯಿಸಿ ಬೇಯಿಸುತ್ತಾರೆ. ಮೈಕ್ರೋವೇವ್ ಅಬ್ಲೇಷನ್ ಅದೇ ಕೆಲಸವನ್ನು ಬೇಗ ಮುಗಿಸುತ್ತದೆ, ಸ್ವಲ್ಪ ದೊಡ್ಡ ಗಡ್ಡೆಗೂ ಆಗುತ್ತದೆ. ಕ್ರಯೋ ಅಬ್ಲೇಷನ್ ಗಡ್ಡೆಯನ್ನು ಮಂಜುಗಡ್ಡೆ ಮಾಡುತ್ತದೆ. ಆ ಮಂಜಿನ ಉಂಡೆ ಸ್ಕ್ಯಾನಿನಲ್ಲಿ ಕಣ್ಣಿಗೆ ಕಾಣುವುದೇ ಅದರ ದೊಡ್ಡ ಅನುಕೂಲ.

ಲಿವರಿನ ಒಳಗೆ 3 ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆ, ಸುತ್ತ ದೊಡ್ಡ ರಕ್ತನಾಳ ಇಲ್ಲ ಅಂತಾದರೆ ಸುಡುವ ವಿಧಾನವೇ ಸಾಕು. ಕರುಳಿನ ಕ್ಯಾನ್ಸರ್ ಲಿವರಿಗೆ ಹರಡಿ ಆದ ಇಂಥ ಚಿಕ್ಕ ಗಡ್ಡೆಗಳಲ್ಲಿ ಆಪರೇಷನ್ನಿಗೂ ಸುಡುವುದಕ್ಕೂ ನೆದರ್ಲೆಂಡ್ಸ್ ವೈದ್ಯರ ಮುಂದಾಳತ್ವದಲ್ಲಿ ನೇರ ಹೋಲಿಕೆ ಮಾಡಿದರು. ಕೊಲಿಷನ್ ಎಂಬ ಆ ಅಧ್ಯಯನದಲ್ಲಿ ಸುಡುವುದು ಆಪರೇಷನ್ನಿಗೆ ಕಡಿಮೆಯೇನಿಲ್ಲ ಎಂದು ಕಂಡಿತು, ತೊಡಕೂ ಕಡಿಮೆ. ಹೀಗಿರುವಾಗ ಇಲ್ಲಿ ಐಆರ್‌ಇ ಬೇಕು ಅಂತ ಹಟ ಹಿಡಿಯುವುದು ಸುಮ್ನೆ ದುಡ್ಡು ದಂಡ.

ಸಮಸ್ಯೆ ಬರುವುದು ಗಡ್ಡೆ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಾಗ. ಹರಿಯುವ ಕಾಲುವೆಯಲ್ಲಿ ಬಿಸಿ ಪಾತ್ರೆ ಇಟ್ಟರೆ ಏನಾಗುತ್ತದೆ? ನೀರು ಬಿಸಿಯನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ. ರಕ್ತವೂ ಅಷ್ಟೇ. ನಾಳಕ್ಕೆ ತಾಗಿದ ಕಡೆ ಗಡ್ಡೆ ಸರಿಯಾಗಿ ಬೇಯದೆ, ಅಲ್ಲಿಂದಲೇ ಮತ್ತೆ ಬೆಳೆಯುತ್ತದೆ. ಪಿತ್ತನಾಳದ ಪಕ್ಕ ಇದಕ್ಕೆ ತದ್ವಿರುದ್ಧ. ಅಲ್ಲಿ ಬಿಸಿ ನಾಳವನ್ನೇ ಸುಟ್ಟು, ಮುಂದೆ ಅದು ಕಿರಿದಾಗಿ ಕಾಮಾಲೆ ಬರಬಹುದು.

ಐಆರ್‌ಇ: ಕಷ್ಟದ ಜಾಗಕ್ಕೆ

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಬೋರಿಸ್ ರುಬಿನ್‌ಸ್ಕಿ, ರಫೇಲ್ ಡವಲೋಸ್ ಅವರು ಫ್ರಾನ್ಸಿನ ಲೂಯಿ ಮಿರ್ ಜೊತೆ ಸೇರಿ, ಔಷಧವೇ ಇಲ್ಲದೆ ಬರೀ ಹೊಡೆತದಿಂದ ಗಡ್ಡೆಯನ್ನು ನಾಶ ಮಾಡಬಹುದು ಅಂತ 2005ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಈಗ ಮಾಡುವ ವಿಧಾನ ಹೀಗಿದೆ: ಗಡ್ಡೆಯ ಸುತ್ತ ಎರಡರಿಂದ ಆರು ತೆಳು ಸೂಜಿಗಳನ್ನು ಒಂದಕ್ಕೊಂದು ಸಮಾಂತರವಾಗಿ ಚುಚ್ಚುತ್ತಾರೆ. ಅಂತರ 1ರಿಂದ 2 ಸೆಂಟಿಮೀಟರಿನಷ್ಟು. ಸೆಂಟಿಮೀಟರಿಗೆ ಸುಮಾರು 1,500 ವೋಲ್ಟ್ ಲೆಕ್ಕದಲ್ಲಿ, ಒಟ್ಟು 3,000 ವೋಲ್ಟ್ ತನಕ ಕೊಡುತ್ತಾರೆ. ಸೂಜಿ ಸ್ವಲ್ಪ ಓರೆಯಾದರೂ ನಡುವೆ ಕೆಲವು ಕೋಶ ಉಳಿದುಬಿಡುತ್ತವೆ. ಆದ್ದರಿಂದ ಯಂತ್ರಕ್ಕಿಂತ ಅದನ್ನು ಹಿಡಿದ ಕೈ ಮುಖ್ಯ. ಆ ಕೈ ಸಾಮಾನ್ಯವಾಗಿ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಎಂಬ ತಜ್ಞರದ್ದು. ಸರ್ಜನ್‌ಗಳೂ ಮಾಡುತ್ತಾರೆ.

ಅಷ್ಟು ವೋಲ್ಟೇಜ್ ಬಿದ್ದರೆ ಮೈಯೆಲ್ಲ ಎಗರುತ್ತದೆ. ಅದಕ್ಕೆ ಪೂರ್ತಿ ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಔಷಧದಿಂದ ಸಡಿಲ ಮಾಡಿಯೇ ಶುರು ಮಾಡುವುದು. ಹೃದಯದ ಬಡಿತ ನೋಡಿಕೊಂಡು, ಬಡಿತದ ಒಂದು ಸುರಕ್ಷಿತ ಗಳಿಗೆಯಲ್ಲಿ ಮಾತ್ರ ಯಂತ್ರ ಹೊಡೆತ ಬಿಡುತ್ತದೆ. ಪೇಸ್‌ಮೇಕರ್ ಇದ್ದವರಿಗೆ, ಹೃದಯದ ಲಯ ತಪ್ಪುವ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಗಡ್ಡೆಯ ಪಕ್ಕ ಲೋಹದ ಸ್ಟೆಂಟ್ ಇದ್ದರೂ ಯೋಚಿಸಬೇಕು. ‘ಸುಡೋದಿಲ್ಲ, ಕೊಯ್ಯೋದಿಲ್ಲ’ ಎಂಬ ಮಾತು ಕೇಳಿ, ಇದು ಹಲ್ಲು ಕೀಳಿಸಿದಷ್ಟು ಸುಲಭ ಅಂದುಕೊಳ್ಳಬೇಡಿ.

ಲಿವರಿನಲ್ಲಿ ಇದರ ಸ್ಥಾನ ಸ್ಪಷ್ಟವಾಗಿದೆ. ಆಪರೇಷನ್ನೂ ಆಗದ, ಸುಡುವುದಕ್ಕೂ ಆಗದ, ನಾಳಗಳ ಪಕ್ಕದ ಗಡ್ಡೆಗಳು. ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಇಂಥವರನ್ನೇ ಆರಿಸಿ ಕೋಲ್ಡ್‌ಫೈರ್-2 ಅಧ್ಯಯನ ಮಾಡಿದರು. ಒಂದು ವರ್ಷದ ಮೇಲೆ 68 ಶೇಕಡಾ ರೋಗಿಗಳಲ್ಲಿ ಚಿಕಿತ್ಸೆ ಕೊಟ್ಟ ಜಾಗದಲ್ಲಿ ಗಡ್ಡೆ ಮತ್ತೆ ಬೆಳೆದಿರಲಿಲ್ಲ. ಕೇಳಿದರೆ ಕಡಿಮೆ ಅನಿಸಬಹುದು. ಬೇರೆ ದಾರಿಯೇ ಇಲ್ಲದವರಲ್ಲಿ ಬಂದ ಅಂಕಿ ಅದು ಅನ್ನುವುದನ್ನು ಮರೆಯಬಾರದು.

ಪ್ಯಾಂಕ್ರಿಯಾಸ್ (ಮೇದೋಜ್ಜೀರಕ ಗ್ರಂಥಿ) ಬಗ್ಗೆ ನಿಧಾನವಾಗಿ ಹೇಳಬೇಕು. ಅಲ್ಲೇ ಆಸೆ ಜಾಸ್ತಿ, ಅಲ್ಲೇ ಖರ್ಚೂ ಜಾಸ್ತಿ. ದೊಡ್ಡ ರಕ್ತನಾಳಗಳನ್ನು ಸುತ್ತಿಕೊಂಡು, ಆಪರೇಷನ್ ಸಾಧ್ಯವಿಲ್ಲ ಎಂದ ಗಡ್ಡೆಗೆ ಐಆರ್‌ಇ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಅಮೆರಿಕದಲ್ಲಿ 200 ರೋಗಿಗಳ ಮೇಲಿನ ವರದಿ 2015ರಲ್ಲಿ ಬಂತು. ಅರ್ಧದಷ್ಟು ಜನ ಸುಮಾರು 25 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಬದುಕಿದ್ದರು. ಎಲ್ಲೆಡೆ ಆಸೆ ಚಿಗುರಿತು. ಆದರೆ ಅದರಲ್ಲಿ ಹೋಲಿಸಿ ನೋಡಲು ಚೀಟಿ ಎತ್ತಿ ಆರಿಸಿದ ಇನ್ನೊಂದು ಗುಂಪು ಇರಲಿಲ್ಲ. ಮೊದಲು ಕೀಮೋ ಕೊಟ್ಟು, ಅದನ್ನು ತಡೆದುಕೊಂಡವರನ್ನೇ ಆರಿಸಿದರೆ ಅಂಕಿ ಚೆನ್ನಾಗಿಯೇ ಬರುತ್ತದೆ, ಅಲ್ವಾ? ಕೊನೆಗೆ ಆಮ್‌ಸ್ಟರ್‌ಡ್ಯಾಮಿನ ಅದೇ ತಂಡ ಕ್ರಾಸ್‌ಫೈರ್ ಎಂಬ ಅಧ್ಯಯನ ಮಾಡಿತು. ಒಂದು ಗುಂಪಿಗೆ ಐಆರ್‌ಇ, ಇನ್ನೊಂದಕ್ಕೆ ಎಂಆರ್‌ಐ ನೋಡಿಕೊಂಡು ಗುರಿಯಿಟ್ಟು ಕೊಡುವ ರೇಡಿಯೇಷನ್. ಐಆರ್‌ಇಯಿಂದ ಆಯಸ್ಸು ಹೆಚ್ಚಾಗುವ ಲಕ್ಷಣ ಕಾಣಲಿಲ್ಲ, ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು. ಫಲಿತಾಂಶ ಪ್ರಕಟವಾಗಿದ್ದು 2024ರಲ್ಲಿ. ತಾವೇ ಬೆಳೆಸಿದ ವಿಧಾನದ ವಿರುದ್ಧ ಬಂದ ಫಲಿತಾಂಶವನ್ನು ಮುಚ್ಚಿಡದೆ ಹೇಳಿದ್ದಕ್ಕೆ ಆ ತಂಡದ ಮೇಲೆ ನನಗೆ ಗೌರವ ಹೆಚ್ಚಾಯಿತು.

ಹಾಗಾಗಿ ಪ್ಯಾಂಕ್ರಿಯಾಸ್ ಕ್ಯಾನ್ಸರಿಗೆ ಹೊಲ ಮಾರಿ ಐಆರ್‌ಇ ಮಾಡಿಸಲೇ ಅಂತ ಯಾರಾದರೂ ಕೇಳಿದರೆ ನಾನು ಬೇಡ ಅಂತಲೇ ಹೇಳುತ್ತೇನೆ. ಕೀಮೋ ಸರಿಯಾಗಿ ಮುಗಿಸಿ, ಗುರಿಯಿಟ್ಟು ಕೊಡುವ ರೇಡಿಯೇಷನ್ ಸಿಗುತ್ತದೆಯೇ ಅಂತ ಮೊದಲು ವಿಚಾರಿಸಿ. ಇಂಥ ಕಡೆ ಐಆರ್‌ಇ ಕೊಟ್ಟರೆ ರಕ್ತಸ್ರಾವ, ಪ್ಯಾಂಕ್ರಿಯಾಸ್ ಊತ, ರಕ್ತನಾಳದಲ್ಲಿ ಹೆಪ್ಪು ಕಟ್ಟುವುದು ಮುಂತಾದ ಅಪಾಯ ಸಣ್ಣದಲ್ಲ.

ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ, ಪ್ರಾಸ್ಟೇಟಿನ ಕಥೆ ಬೇರೆ. ಇಲ್ಲಿ ಉಳಿಸಬೇಕಾಗಿರುವುದು ನರಗಳು. ಅಂದರೆ ಮೂತ್ರದ ಹಿಡಿತ ಮತ್ತು ಲೈಂಗಿಕ ಶಕ್ತಿ. ಐಆರ್‌ಇಯಲ್ಲಿ ಇವೆರಡೂ ಆಪರೇಷನ್ನಿಗಿಂತ ಚೆನ್ನಾಗಿ ಉಳಿಯುತ್ತವೆ ಅನ್ನುವುದೇ ಆಕರ್ಷಣೆ. ಪ್ರಿಸರ್ವ್ ಎಂಬ ಅಧ್ಯಯನದಲ್ಲಿ 121 ಗಂಡಸರಿಗೆ ಈ ಚಿಕಿತ್ಸೆ ಕೊಟ್ಟರು. ಒಂದು ವರ್ಷಕ್ಕೆ 84 ಶೇಕಡಾ ಜನರಿಗೆ ಚಿಕಿತ್ಸೆ ಕೊಟ್ಟ ಜಾಗದಲ್ಲಿ ಚಿಂತೆ ಮಾಡುವಂಥ ಕ್ಯಾನ್ಸರ್ ಇರಲಿಲ್ಲ. 2024ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಪ್ರಾಸ್ಟೇಟಿಗೆ ಅನುಮತಿ ಕೊಟ್ಟಿತು. ‘ಚಿಕಿತ್ಸೆ ಕೊಟ್ಟ ಜಾಗದಲ್ಲಿ’ ಎಂಬ ಮಾತನ್ನು ಮಾತ್ರ ಎರಡು ಸಲ ಓದಿ. ಉಳಿದ ಪ್ರಾಸ್ಟೇಟ್ ಅಲ್ಲೇ ಇರುತ್ತದೆ. ಪಿಎಸ್‌ಎ ಎಂಬ ರಕ್ತಪರೀಕ್ಷೆ, ಎಂಆರ್‌ಐ, ಮತ್ತೆ ಬಯಾಪ್ಸಿ ತಪ್ಪುವುದಿಲ್ಲ. ಒಮ್ಮೆ ಮಾಡಿಸಿ ಮರೆತುಬಿಡೋಣ ಎನ್ನುವವರಿಗೆ ಇದು ಹೊಂದುವುದಿಲ್ಲ.

ಏನೂ ಮಾಡದೆ ಕಾಯುವುದೂ ಒಂದು ಆಯ್ಕೆ ಎಂಬುದು ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ 1,643 ಗಂಡಸರನ್ನು ಆಪರೇಷನ್, ರೇಡಿಯೇಷನ್, ಬರೀ ನಿಗಾ ಎಂದು ಮೂರು ಗುಂಪು ಮಾಡಿದ್ದರು. 15 ವರ್ಷದ ನಂತರ ಮೂರೂ ಗುಂಪು ಸೇರಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸತ್ತವರು ಶೇಕಡಾ 3ಕ್ಕಿಂತ ಕಡಿಮೆ. ನಿಮ್ಮ ತಂದೆಯವರದ್ದು ಕಡಿಮೆ ಅಪಾಯದ ಕ್ಯಾನ್ಸರ್ ಅಂತ ಡಾಕ್ಟರು ಹೇಳಿದ್ದರೆ, ಮುಂದಿನ ವಾರವೇ ಯಂತ್ರ ಹುಡುಕಿಕೊಂಡು ಓಡುವ ಅಗತ್ಯವಿಲ್ಲ.

ಎಲೆಕ್ಟ್ರೋಕೀಮೋಥೆರಪಿ: ಚರ್ಮದ ಮೇಲಿನ ಗಡ್ಡೆಗೆ

ಇದು ನನಗೆ ತುಂಬಾ ಇಷ್ಟವಾದ ವಿಧಾನ. ಕಾರಣ, ಹಳೆಯ ಔಷಧಕ್ಕೆ ಹೊಸ ಬಾಗಿಲು ತೆರೆದಿದೆ. ಬ್ಲಿಯೋಮೈಸಿನ್ ಎಂಬ ಕೀಮೋ ಔಷಧ ಬಹಳ ಹಳೆಯದು. ಕೋಶದೊಳಗೆ ಹೋದರೆ ಭಾರಿ ವಿಷ, ಆದರೆ ಪೊರೆ ದಾಟಿ ಒಳಗೆ ಹೋಗುವುದೇ ಕಷ್ಟ. ಕರೆಂಟಿನಿಂದ ತೂತು ಮಾಡಿದರೆ ಅದರ ಶಕ್ತಿ ಕೋಶಗಳ ಮೇಲೆ ನೂರಾರು ಪಟ್ಟು ಹೆಚ್ಚುತ್ತದೆ. 1987ರಲ್ಲಿ ಜಪಾನಿನಲ್ಲಿ ಪ್ರಾಣಿಗಳ ಮೇಲೆ ಇದನ್ನು ತೋರಿಸಿದರು. 1991ರಲ್ಲಿ ಫ್ರಾನ್ಸಿನ ಲೂಯಿ ಮಿರ್ ತಂಡ ಮನುಷ್ಯರಲ್ಲಿ ಬಳಸಿದ್ದನ್ನು ವರದಿ ಮಾಡಿತು.

ರಕ್ತನಾಳಕ್ಕೆ ಅಥವಾ ನೇರ ಗಡ್ಡೆಗೇ ಔಷಧ ಕೊಡುತ್ತಾರೆ. ರಕ್ತನಾಳಕ್ಕೆ ಕೊಟ್ಟರೆ ಸುಮಾರು 8 ನಿಮಿಷ ಬಿಟ್ಟು, ಗಡ್ಡೆಯ ಮೇಲೆ ಸೂಜಿಗಳನ್ನಿಟ್ಟು 100 ಮೈಕ್ರೋಸೆಕೆಂಡಿನ 8 ಹೊಡೆತ. ಗಡ್ಡೆ ದೊಡ್ಡದಿದ್ದರೆ ಜಾಗ ಬದಲಿಸಿ ಮತ್ತೆ. 2006ರಲ್ಲಿ ಯುರೋಪಿನ ಎಸೋಪ್ ಅಧ್ಯಯನ ಇದಕ್ಕೆ ಒಂದು ಕ್ರಮ ಹಾಕಿಕೊಟ್ಟಿತು. ಅದರಲ್ಲಿ 85 ಶೇಕಡಾ ಗಡ್ಡೆಗಳು ಕುಗ್ಗಿದವು, ಸುಮಾರು 74 ಶೇಕಡಾ ಪೂರ್ತಿ ಮಾಯವಾದವು. 2013ರಲ್ಲಿ ಚಿಕಿತ್ಸೆಗಳನ್ನು ಅಳೆದು ನೋಡುವ ಬ್ರಿಟನ್ನಿನ ನೈಸ್ ಸಂಸ್ಥೆ ಚರ್ಮಕ್ಕೆ ಹರಡಿದ ಗಡ್ಡೆಗಳಿಗೆ ಇದರ ಬಳಕೆ ಬಗ್ಗೆ ಮಾರ್ಗಸೂಚಿ ಕೊಟ್ಟಿತು.

ಯಾರಿಗೆ? ಸ್ತನದ ಆಪರೇಷನ್ ಆದ ಮೇಲೆ ಎದೆಯ ಚರ್ಮದಲ್ಲಿ ಮತ್ತೆ ಗಡ್ಡೆ ಎದ್ದವರಿಗೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಚರ್ಮದ ಬೇರೆ ಕಡೆಗೆ ಹರಡಿದವರಿಗೆ. ಒಡೆದು ರಕ್ತ ಸೋರುವ, ವಾಸನೆ ಬರುವ ಗಾಯಗಳಿಂದ ನೆಂಟರ ಮುಂದೆ ಕೂರಲೂ ಹಿಂಜರಿಯುವವರಿಗೆ. ಕರೆಂಟು ಗಡ್ಡೆಯ ರಕ್ತನಾಳಗಳನ್ನೂ ಬಿಗಿಹಿಡಿಯುವುದರಿಂದ ಸೋರುವ ರಕ್ತ ನಿಲ್ಲುತ್ತದೆ. ಇದರಿಂದ ಆಯಸ್ಸು ಹೆಚ್ಚದಿರಬಹುದು. ದಿನಕ್ಕೆ ನಾಲ್ಕು ಸಲ ಗಾಯದ ಬಟ್ಟೆ ಬದಲಿಸುವುದು ತಪ್ಪಿದರೆ ಅದು ಸಣ್ಣ ವಿಷಯವಲ್ಲ.

ಮಿತಿಗಳೂ ಇವೆ. 3 ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆಯಲ್ಲಿ ಫಲ ಕಡಿಮೆ. ದೇಹದ ಬೇರೆ ಕಡೆಯ ಕ್ಯಾನ್ಸರಿಗೆ ಇದರಿಂದ ಪ್ರಯೋಜನವಿಲ್ಲ. ಬ್ಲಿಯೋಮೈಸಿನ್ ಶ್ವಾಸಕೋಶವನ್ನು ಗಟ್ಟಿ ಮಾಡಬಲ್ಲದು, ಜೀವಮಾನದಲ್ಲಿ ಇಷ್ಟೇ ಅಂತ ಮಿತಿ ಇದೆ. ಶ್ವಾಸಕೋಶ, ಕಿಡ್ನಿ ತೊಂದರೆ ಇದ್ದವರು ಮೊದಲೇ ಹೇಳಬೇಕು. ಗಾಯ ಕಪ್ಪು ಹಕ್ಕಳೆ ಕಟ್ಟಿ ಒಣಗಲು ವಾರಗಟ್ಟಲೆ ಹಿಡಿಯುತ್ತದೆ. ಅಂದ ಹಾಗೆ, ಇದನ್ನು ಚಿಕ್ಕದಾಗಿ ಇಸಿಟಿ ಅನ್ನುತ್ತಾರೆ. ಮಾನಸಿಕ ರೋಗಕ್ಕೆ ಕೊಡುವ ಶಾಕ್ ಚಿಕಿತ್ಸೆಗೂ ಅದೇ ಹೆಸರು! ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸುವಾಗ ಪೂರ್ತಿ ಹೆಸರು ಹೇಳಿ.

ಇನ್ನೂ ದಾರಿಯಲ್ಲಿರುವವು

ಬ್ಲಿಯೋಮೈಸಿನ್ ಬದಲು ಕ್ಯಾಲ್ಸಿಯಂ ಚುಚ್ಚಿ ಹೊಡೆತ ಕೊಡುವ ವಿಧಾನವನ್ನು ಡೆನ್ಮಾರ್ಕಿನಲ್ಲಿ ಜೂಲಿ ಗೆಲ್ ತಂಡ ಬೆಳೆಸಿದೆ. ಒಂದು ಸಣ್ಣ ಹೋಲಿಕೆಯಲ್ಲಿ ಕ್ಯಾಲ್ಸಿಯಂಗೆ 72 ಶೇಕಡಾ, ಬ್ಲಿಯೋಮೈಸಿನ್‌ಗೆ 84 ಶೇಕಡಾ ಗಡ್ಡೆಗಳು ಸ್ಪಂದಿಸಿದವು. ಅಗ್ಗದ ವಸ್ತು, ಕೀಮೋ ಔಷಧದ ತಾಪತ್ರಯ ಇಲ್ಲ. ನಮ್ಮಂಥ ದೇಶಕ್ಕೆ ಇದೇ ಹೆಚ್ಚು ಹೊಂದಬಹುದು ಅನಿಸುತ್ತದೆ, ಆದರೆ ಇದರ ಮೇಲೆ ನಂಬಿಕೆ ಇಡಲು ಇನ್ನೂ ದೊಡ್ಡ ಅಧ್ಯಯನ ಬೇಕು.

ನ್ಯಾನೋಸೆಕೆಂಡ್ ಹೊಡೆತ, ಅಂದರೆ ಮೈಕ್ರೋಸೆಕೆಂಡಿನ ಸಾವಿರದ ಒಂದು ಪಾಲಿನ ಲೆಕ್ಕದಲ್ಲಿ ಕೊಡುವ ಹೊಡೆತ, ಇನ್ನೊಂದು. ವರ್ಜೀನಿಯಾದ ನಾರ್ಫೋಕಿನಲ್ಲಿ 2006ರಲ್ಲಿ ಇಲಿಗಳ ಮೆಲನೋಮಾ ಮೇಲೆ 300 ನ್ಯಾನೋಸೆಕೆಂಡಿನ ಹೊಡೆತ ಕೊಟ್ಟಾಗ ಗಡ್ಡೆ ತಾನೇ ಕುಗ್ಗಿತು. ಎಚ್-ಫೈರ್ ಎಂಬ ಸುಧಾರಿತ ಐಆರ್‌ಇ ಮೈ ಎಗರುವುದನ್ನು ಕಡಿಮೆ ಮಾಡುತ್ತದೆ. ಎರಡೂ ಸಂಶೋಧನೆಯ ಮಟ್ಟದಲ್ಲಿ ಸಿಕ್ಕರೆ ಸರಿ. ಯಾರಾದರೂ ದುಡ್ಡು ಕೇಳಿದರೆ, ಇದು ಟ್ರಯಲ್ ತಾನೇ, ನೋಂದಣಿ ಸಂಖ್ಯೆ ಕೊಡಿ ಅನ್ನಿ.

ಅರಿಶಿನದ ಮಾತೂ ಬರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಅರಿಶಿನದ ಕರ್ಕ್ಯುಮಿನ್ ಮತ್ತು ಕರೆಂಟಿನ ಹೊಡೆತ ಎರಡನ್ನೂ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗಿಸಿದ್ದು ನಿಜ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ. ಹಾಲಿಗೆ ಅರಿಶಿನ ಹಾಕಿ ಕುಡಿಯುವುದಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ.

ಹೊಡೆತ ಅಲ್ಲದ ಕರೆಂಟು

ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರಿಗೆ ತಲೆಗೆ ಅಂಟಿಸಿಕೊಳ್ಳುವ ಆಪ್ಟ್ಯೂನ್ ಎಂಬ ಸಾಧನ ಇದೆ. ಇದು ತೂತು ಮಾಡುವುದಿಲ್ಲ. ಸೆಕೆಂಡಿಗೆ 2 ಲಕ್ಷ ಸಲ ಹಿಂದೆ ಮುಂದೆ ತೂಗುವ ಮೆಲ್ಲನೆಯ ವಿದ್ಯುತ್ ಕ್ಷೇತ್ರದಿಂದ ಕೋಶ ಇಬ್ಭಾಗವಾಗುವುದನ್ನು ಕೆಡಿಸುತ್ತದೆ. 695 ರೋಗಿಗಳ ಅಧ್ಯಯನದಲ್ಲಿ ಬದುಕಿನ ಮಧ್ಯಮ ಅವಧಿ 16 ತಿಂಗಳಿಂದ 20.9 ತಿಂಗಳಿಗೆ ಏರಿತು. ಕೆಲಸ ಮಾಡಬೇಕಾದರೆ ತಲೆ ಬೋಳಿಸಿ ದಿನಕ್ಕೆ 18 ಗಂಟೆ ಹಾಕಿಕೊಂಡಿರಬೇಕು. ಅಮೆರಿಕದಲ್ಲಿ ಕೆಲವು ವರ್ಷಗಳ ಹಿಂದೆ ಪಟ್ಟಿ ಬೆಲೆಯೇ ತಿಂಗಳಿಗೆ ಸುಮಾರು 21,000 ಡಾಲರ್ ಇತ್ತು. ಸುಮಾರು ಐದು ತಿಂಗಳಿಗೆ ಅಷ್ಟು ಖರ್ಚು ಸರಿಯೇ ಅಂತ ಹೇಳಲು ನಾನ್ಯಾರು? ಆದರೆ ಲೆಕ್ಕ ಗೊತ್ತಿರಬೇಕು.

ಇನ್ನು ಆ ಚಾಪೆ, ಬೆಲ್ಟು. ಮನೆಯಲ್ಲೇ ಪ್ಲಗ್ ಹಾಕಿ, ಸೂಜಿಯಿಲ್ಲದೆ, ಅರಿವಳಿಕೆಯಿಲ್ಲದೆ ನಡೆಯುವ ಸಾಧನ ಒಳಗಿನ ಗಡ್ಡೆಗೆ ಸೆಂಟಿಮೀಟರಿಗೆ 1,500 ವೋಲ್ಟ್ ಕೊಡಲು ಸಾಧ್ಯವೇ ಇಲ್ಲ. ಕೊಟ್ಟರೆ ಮಲಗಿದವರು ಏಳುವುದಿಲ್ಲ.

ದುಡ್ಡು, ದೂರ ಮತ್ತು ಕೇಳಬೇಕಾದ ಪ್ರಶ್ನೆ

ಆರ್‌ಎಫ್‌ಎಗೆ ಹಲವು ಸಲ ಒಂದೇ ಸೂಜಿ ಸಾಕು. ಐಆರ್‌ಇಗೆ ಎರಡಾದರೂ ಬೇಕು, ಒಮ್ಮೆ ಬಳಸಿ ಎಸೆಯುವಂಥವು, ಮೇಲೆ ಪೂರ್ತಿ ಅರಿವಳಿಕೆ. ಹಾಗಾಗಿ ಅಂದಾಜು ಪಟ್ಟಿ ಕೇಳುವಾಗ ‘ಎಷ್ಟು ಸೂಜಿ ಅಂತ ಲೆಕ್ಕ ಹಾಕಿದ್ದೀರಿ’ ಅಂತ ಕೇಳಿ. ವಿಮೆಯ ವಿಷಯಕ್ಕೆ ಬಂದರೆ, 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊಸ ಬಗೆಯ 12 ಚಿಕಿತ್ಸೆಗಳನ್ನು ಪಾಲಿಸಿಯಿಂದ ಹೊರಗಿಡುವಂತಿಲ್ಲ ಅಂತ ಪಟ್ಟಿ ಮಾಡಿತು. ರೊಬೋಟಿಕ್ ಸರ್ಜರಿ, ಇಮ್ಯುನೋಥೆರಪಿ ಅದರಲ್ಲಿವೆ. ಐಆರ್‌ಇ ಹೆಸರು ಇಲ್ಲ. ಕಂಪನಿ ಒಪ್ಪಲೂಬಹುದು, ಒಪ್ಪದೇ ಇರಲೂಬಹುದು. ಫೋನಿನಲ್ಲಿ ‘ಆಗುತ್ತೆ ಸರ್’ ಅಂದದ್ದನ್ನು ನಂಬಬೇಡಿ, ಮುಂಗಡ ಒಪ್ಪಿಗೆ ಬರಹದಲ್ಲೇ ಬರಲಿ.

ಈಗ ನಿಮ್ಮದನ್ನು ಹೊಂದಿಸಿ ನೋಡಿ. ಲಿವರಿನ ನಡುವೆ ಒಂದು ಚಿಕ್ಕ ಗಡ್ಡೆ, ಬಜೆಟ್ ಕಡಿಮೆ: ಆರ್‌ಎಫ್‌ಎ ಅಥವಾ ಮೈಕ್ರೋವೇವ್, ಹತ್ತಿರದ ಊರಲ್ಲೇ. ಅದೇ ಗಡ್ಡೆ ದೊಡ್ಡ ನಾಳಕ್ಕೆ ಅಂಟಿದೆ, ಹೃದಯ ಗಟ್ಟಿಯಿದೆ: ಐಆರ್‌ಇಗಾಗಿ ದೂರ ಹೋದರೂ ತಪ್ಪಿಲ್ಲ. ಎಪ್ಪತ್ತೈದು ದಾಟಿದ ಅಜ್ಜನಿಗೆ ಪೇಸ್‌ಮೇಕರ್ ಇದೆ: ಐಆರ್‌ಇ ಬಿಟ್ಟು ರೇಡಿಯೇಷನ್ ತಜ್ಞರನ್ನು ಕಾಣಿ. ಚರ್ಮದ ಮೇಲೆ ಸೋರುವ ಗಡ್ಡೆಗಳು: ಎಲೆಕ್ಟ್ರೋಕೀಮೋಥೆರಪಿ ಎಲ್ಲಿ ಸಿಗುತ್ತದೆ ಅಂತ ಹುಡುಕಿಸಿ, ಸಿಗದಿದ್ದರೆ ಕಡಿಮೆ ಡೋಸಿನ ರೇಡಿಯೇಷನ್ನಿನಿಂದಲೂ ರಕ್ತ ನಿಲ್ಲಿಸಬಹುದು.

ಯಾವ ಆಸ್ಪತ್ರೆಯಾದರೂ ಸರಿ, ಕೇಸನ್ನು ಟ್ಯೂಮರ್ ಬೋರ್ಡಿನಲ್ಲಿ ಇಡಿ ಅಂತ ಕೇಳಿ. ಸರ್ಜನ್, ಕೀಮೋ ಡಾಕ್ಟರ್, ರೇಡಿಯೇಷನ್ ಡಾಕ್ಟರ್ ಎಲ್ಲರೂ ಒಟ್ಟಿಗೆ ಕೂತು ನೋಡುವ ಸಭೆ ಅದು. ‘ಇಂಥದ್ದನ್ನು ನೀವು ಎಷ್ಟು ಮಾಡಿದ್ದೀರಿ’ ಅಂತ ಕೇಳಲು ಸಂಕೋಚ ಬೇಡ. ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ. ಎರಡನೇ ಅಭಿಪ್ರಾಯಕ್ಕೆ ಹೋಗುವಾಗ ಬರೀ ರಿಪೋರ್ಟಿನ ಹಾಳೆ ಒಯ್ದರೆ ಸಾಲದು, ಸ್ಕ್ಯಾನಿನ ಸಿಡಿಯನ್ನೇ ತೆಗೆದುಕೊಂಡು ಹೋಗಿ. ಸೂಜಿ ಯಾವ ದಾರಿಯಲ್ಲಿ ಹೋಗಬಹುದು, ಪಕ್ಕದ ನಾಳ ಎಷ್ಟು ಮಿಲಿಮೀಟರ್ ದೂರ ಅನ್ನುವುದನ್ನು ಅವರು ಚಿತ್ರದಲ್ಲೇ ಅಳೆದು ನೋಡಬೇಕು.